ಬೆಟ್ಟಾ ಮರಿಗಳು: ಮೊದಲು ಊಟ, ಆಮೇಲೆ ಮೊಟ್ಟೆ

ನಾನು ಮೂರು ಸಲ ಬೆಟ್ಟಾ ಮೀನಿನ ಮರಿ ಮಾಡಿಸಲು ನೋಡಿದೆ. ಮೊದಲ ಎರಡು ಸಲ ಒಂದು ಮರಿಯೂ ಉಳಿಯಲಿಲ್ಲ. ಮೂರನೇ ಸಲ 62 ಮರಿಗಳು ದೊಡ್ಡವಾದವು. ಗಂಡು ಅದೇ, ಹೆಣ್ಣು ಅದೇ, ತೊಟ್ಟಿಯೂ ಅದೇ. ಬದಲಾಗಿದ್ದು ಮರಿಗಳ ಊಟದ ತಯಾರಿ.

ಬೆಂಗಳೂರಿನ ಅಂಗಡಿಗಳಲ್ಲಿ ಇದನ್ನು ಫೈಟರ್ ಅಂತಾರೆ. ಮೂಲದಲ್ಲಿ ಥಾಯ್ಲೆಂಡ್ ಕಡೆಯ ಗದ್ದೆ, ಜೌಗು ನೀರಿನ ಮೀನು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಗದ್ದೆ ಅಂದ್ರೆ ನಿಂತ ನೀರು, ಕಡಿಮೆ ಆಳ, ಬೆಚ್ಚಗಿನ ಹವೆ ಅಲ್ವಾ? ನನ್ನ ತೊಟ್ಟಿಯನ್ನೂ ಹಾಗೇ ಮಾಡಿದೆ. ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಬರೀ ಐದು ಇಂಚು ನೀರು. ಹೀಟರ್ 28 ಡಿಗ್ರಿಗೆ. ತಳದಲ್ಲಿ ಕಲ್ಲು, ಮರಳು ಏನೂ ಇಲ್ಲ, ಯಾಕೆಂದರೆ ಮೊಟ್ಟೆ ಕೆಳಗೆ ಬೀಳುತ್ತವೆ, ಗಂಡು ಅವನ್ನು ಹೆಕ್ಕಬೇಕು. ಪಾರ್ಕಿನಲ್ಲಿ ಬಿದ್ದಿದ್ದ ಕಾಡುಬಾದಾಮಿಯ ಒಣ ಎಲೆ ಎರಡು ತಂದು ತೊಳೆದು ಹಾಕಿದೆ. ನೀರು ತೆಳು ಟೀ ಬಣ್ಣಕ್ಕೆ ಬಂತು. ಹೆಣ್ಣು ಅಡಗಿಕೊಳ್ಳಲು ಒಂದು ಮೂಲೆಯಲ್ಲಿ ಗಿಡ. ಗೂಡಿಗೆ ಆಸರೆಯಾಗಿ ಥರ್ಮಾಕೋಲ್ ಲೋಟವನ್ನು ಉದ್ದಕ್ಕೆ ಸೀಳಿ ಅರ್ಧ ಭಾಗವನ್ನು ನೀರಿನ ಮೇಲೆ ಅಂಟಿಸಿದೆ.

ಹತ್ತು ದಿನ ಜೋಡಿಯನ್ನು ಬೇರೆ ಬೇರೆ ಇಟ್ಟು ಚೆನ್ನಾಗಿ ತಿನ್ನಿಸಿದೆ. ಸೊಳ್ಳೆ ಮರಿಗಿಂತ ಒಳ್ಳೆಯ ಊಟ ನಾನು ನೋಡಿಲ್ಲ. ಆದರೆ ಹುಷಾರು. ಅವು ಬೆಳೆಯುವ ಬಕೆಟ್ ನೀರನ್ನು ಎರಡು ದಿನಕ್ಕೊಮ್ಮೆ ಪೂರ್ತಿ ಸೋಸಲೇಬೇಕು. ಒಂದು ಸೊಳ್ಳೆಯೂ ರೆಕ್ಕೆ ಬಂದು ಹಾರಬಾರದು.

ಹೆಣ್ಣಿನ ಹೊಟ್ಟೆ ತುಂಬಿ, ಮೈಮೇಲೆ ಮೇಲಿಂದ ಕೆಳಕ್ಕೆ ಪಟ್ಟೆ ಮೂಡಿ, ಹೊಟ್ಟೆಯಡಿ ಬಿಳಿ ಚುಕ್ಕೆ ಕಂಡಾಗ ಅದನ್ನು ತೊಟ್ಟಿಗೆ ತಂದೆ. ನೇರವಾಗಿ ಬಿಡಲಿಲ್ಲ. ನೀರಿನ ಬಾಟಲಿಯ ತಲೆ, ತಳ ಕತ್ತರಿಸಿ ತೊಟ್ಟಿಯೊಳಗೆ ನಿಲ್ಲಿಸಿ, ಅದರೊಳಗೆ ಇಟ್ಟೆ. ಗಂಡು ಅದನ್ನು ನೋಡುತ್ತಾ ಲೋಟದಡಿ ನೊರೆಗೂಡು ಕಟ್ಟಿತು. ಮಾರನೇ ದಿನ ಬಾಟಲಿ ಎತ್ತಿದೆ. ಸ್ವಲ್ಪ ಹೊತ್ತು ಅಟ್ಟಾಡಿಸುತ್ತದೆ, ರೆಕ್ಕೆ ಹರಿಯುತ್ತದೆ. ಅಷ್ಟಕ್ಕೆ ಗಾಬರಿ ಬೇಡ. ಆದರೆ ಹೆಣ್ಣಿನ ಹೊಟ್ಟೆ ತುಂಬಿರದಿದ್ದರೆ ಗಂಡು ಅದನ್ನು ಕೊಂದೇ ಬಿಡಬಹುದು, ಆಗ ತಕ್ಷಣ ಬೇರೆ ಮಾಡಿ.

ಆಮೇಲಿನ ಮೂರು ಗಂಟೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಗಂಡು ಬಿಲ್ಲಿನಂತೆ ಬಾಗಿ ಹೆಣ್ಣನ್ನು ಸುತ್ತಿಕೊಳ್ಳುತ್ತದೆ. ಬಿಟ್ಟಾಗ ಹೆಣ್ಣು ಪ್ರಜ್ಞೆ ತಪ್ಪಿದ ಹಾಗೆ ತೇಲುತ್ತದೆ. ಗಸಗಸೆಯಂಥ ಬಿಳಿ ಮೊಟ್ಟೆಗಳು ಉದುರುತ್ತವೆ. ಗಂಡು ಅವನ್ನು ಬಾಯಲ್ಲಿ ಹಿಡಿದು ಒಂದೊಂದಾಗಿ ನೊರೆಗೆ ಸೇರಿಸುತ್ತದೆ. ಎಷ್ಟು ಸಲ ನೋಡಿದರೂ ಕಣ್ಣು ತುಂಬುತ್ತದೆ. ಎಲ್ಲ ಮುಗಿದ ಮೇಲೆ ಹೆಣ್ಣನ್ನು ಹೊರಗೆ ತೆಗೆದೆ.

ಮೊದಲ ಸಲ ನಾನು ಎಡವಿದ್ದು ಇದಾದ ಮೇಲೆ. ರಾತ್ರಿಯೆಲ್ಲ ಟಾರ್ಚ್ ಹಾಕಿ, ಮುಚ್ಚಳ ತೆಗೆದು ನೋಡುತ್ತಿದ್ದೆ. ಬೆದರಿದ ಗಂಡು ಬೆಳಗಾಗುವಷ್ಟರಲ್ಲಿ ಮೊಟ್ಟೆಗಳನ್ನೆಲ್ಲ ತಿಂದಿತ್ತು.

ಎರಡನೇ ಸಲದ್ದು ಈಗಲೂ ಬೇಜಾರು. ಸುಮಾರು ಒಂದೂವರೆ ದಿನಕ್ಕೆ ಮರಿಗಳು ಒಡೆದವು. ನೊರೆಯಿಂದ ಸಣ್ಣ ಬಾಲಗಳು ನೇತಾಡುತ್ತಿದ್ದವು. ಎರಡು ಮೂರು ದಿನ ಅವುಗಳ ಹೊಟ್ಟೆಯ ಭಂಡಾರವೇ ಅವಕ್ಕೆ ಊಟ. ಆಮೇಲೆ ನೆಟ್ಟಗೆ ಈಜಿದವು. ಗಂಡನ್ನು ತೆಗೆದೆ. ಈಗ ಏನು ಕೊಡಲಿ? ಮರಿಯ ಬಾಯಿ ಸೂಜಿ ಮೊನೆಯಷ್ಟು. ಒಣ ಪುಡಿಯನ್ನು ಅವು ತಿರುಗಿಯೂ ನೋಡಲಿಲ್ಲ, ಅಲ್ಲಾಡುವುದೇ ಬೇಕು. ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕಿದೆ. ನೀರು ಕೆಟ್ಟಿತು. ಆರು ದಿನದಲ್ಲಿ ತೊಟ್ಟಿ ಖಾಲಿ.

ಹಾಗಾಗಿ ಮೂರನೇ ಸಲ ಜೋಡಿಯನ್ನು ಬಿಡುವ ಹತ್ತು ದಿನ ಮೊದಲೇ ಊಟ ಬೆಳೆಸಲು ಶುರು ಮಾಡಿದೆ. ಹಳೆ ತೊಟ್ಟಿಯ ನೀರಿಗೆ ಒಂದು ಚೂರು ಪಾಚಿ, ಒಂದು ತುಂಡು ಬಾಳೆಹಣ್ಣಿನ ಸಿಪ್ಪೆ ಹಾಕಿ ಕಿಟಕಿಯಲ್ಲಿಟ್ಟೆ. ಮೊದಲು ಮಬ್ಬಾಗಿ ವಾಸನೆ ಬರುತ್ತದೆ. ಕೆಲವು ದಿನಕ್ಕೆ ನೀರು ತಿಳಿಯಾಗುತ್ತದೆ, ಬೆಳಕಿಗೆ ಹಿಡಿದರೆ ದೂಳಿನ ಕಣಗಳು ಓಡಾಡಿದ ಹಾಗೆ ಕಾಣುತ್ತದೆ. ಅದೇ ಇನ್ಫ್ಯೂಸೋರಿಯಾ, ಅಂದ್ರೆ ನೀರಿನ ಸೂಕ್ಷ್ಮಜೀವಿಗಳು. ಮೊದಲ ಮೂರ್ನಾಲ್ಕು ದಿನಕ್ಕೆ ಅದು. ಇನ್ನೊಂದು ಡಬ್ಬಿಯಲ್ಲಿ ಓಟ್ಸ್ ಗಂಜಿ, ಚಿಟಿಕೆ ಯೀಸ್ಟ್, ಗೆಳೆಯ ಕೊಟ್ಟ ಒಂದು ಚಮಚ ಮೈಕ್ರೋವರ್ಮ್ ಅನ್ನೋ ಸಣ್ಣ ಹುಳು. ವಾರದಲ್ಲಿ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಲ್ಲಿ ಸವರಿ ತೊಟ್ಟಿಯಲ್ಲಿ ಅದ್ದಿದರೆ ಸಾಕು. "ಏನೋ ಇದು ಹುಳಿ ವಾಸನೆ, ದೋಸೆ ಹಿಟ್ಟು ಕೆಟ್ಟಿತಾ?" ಅಂತ ಅಮ್ಮ ಅಡುಗೆಮನೆಯೆಲ್ಲ ಹುಡುಕಿದರು.

ಒಂದು ವಾರ ಕಳೆದ ಮೇಲೆ ಆರ್ಟೀಮಿಯಾ, ಅಂದ್ರೆ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮರಿ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಕಾಲು ಚಮಚ ಆರ್ಟೀಮಿಯಾ ಮೊಟ್ಟೆ, ಏರ್ ಪಂಪಿನ ಗಾಳಿ. ಸುಮಾರು 24 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ, ಒಂದು ಕಡೆ ಬೆಳಕಿಟ್ಟರೆ ಅಲ್ಲಿಗೆ ಬಂದು ಸೇರುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿದೆ. ಐದು ನಿಮಿಷದಲ್ಲಿ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅವತ್ತೇ ನನಗೆ ಇವು ಉಳಿಯುತ್ತವೆ ಅನ್ನೋ ಧೈರ್ಯ ಬಂದಿದ್ದು.

ಬೆಟ್ಟಾ ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಆ ಅಂಗ ಮರಿಗಳಲ್ಲಿ ಬೆಳೆಯಲು ಕೆಲವು ವಾರ ಬೇಕು. ಅಷ್ಟರಲ್ಲಿ ತಣ್ಣನೆ ಗಾಳಿ ತಾಗದಿರಲೆಂದು ತೊಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೆ. ಏರ್ ಪಂಪಿನ ಸಣ್ಣ ಕೊಳವೆಯಿಂದ ತಳದ ಕೊಳೆ ಎಳೆದು, ಅಷ್ಟೇ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದೆ.

ಎರಡೂವರೆ ತಿಂಗಳಿಗೆ ಗಂಡುಗಳು ಕಚ್ಚಾಡತೊಡಗಿದವು. 27 ಗಂಡು, ಅಂದರೆ 27 ಜಾಡಿ. ಒಬ್ಬರಿಗೊಬ್ಬರು ಕಾಣದಂತೆ ನಡುವೆ ಕಾಗದ. ಜಾಡಿಗೊಂದು ಹೀಟರ್ ಆಗದ ಮಾತು. ಹಾಗಾಗಿ ಅಗಲದ ಟಬ್ಬುಗಳಲ್ಲಿ ನೀರು ತುಂಬಿ, ಟಬ್ಬಿಗೊಂದು ಹೀಟರ್ ಇಟ್ಟು, ಜಾಡಿಗಳನ್ನು ಅದರೊಳಗೆ ನಿಲ್ಲಿಸಿದೆ. ಎರಡು ದಿನಕ್ಕೊಮ್ಮೆ ಎಲ್ಲದರ ನೀರು ಬದಲಿಸಲು ಒಂದೂವರೆ ಗಂಟೆ ಬೇಕು. ಇಷ್ಟು ಜಾಗ, ಸಮಯ ಇಲ್ಲದಿದ್ದರೆ ದಯವಿಟ್ಟು ಮರಿ ಮಾಡಿಸಬೇಡಿ. ತಗೊಳ್ಳೋರು ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ನಾನು ಕೊಡುವಾಗ ಹೂದಾನಿ, ಲೋಟದಲ್ಲಿ ಇಡುವವರಿಗೆ ಕೊಡಲಿಲ್ಲ.

ಆ ಗಂಡಿಗೆ ಈಗ ವಯಸ್ಸಾಗಿದೆ, ಅದನ್ನು ಇನ್ನು ಜೋಡಿ ಮಾಡಿಸುವುದಿಲ್ಲ. ಅದರ ಮಗನೊಂದನ್ನು ಇಟ್ಟುಕೊಂಡಿದ್ದೇನೆ. ಮುಂದಿನ ಫೆಬ್ರವರಿಗೆ ಬೇರೆ ಕಡೆಯಿಂದ ಹೆಣ್ಣು ತರಬೇಕು. ಮೈಕ್ರೋವರ್ಮ್ ಡಬ್ಬಿಗೆ ಹದಿನೈದು ದಿನಕ್ಕೊಮ್ಮೆ ಹೊಸ ಓಟ್ಸ್ ಹಾಕುತ್ತಿದ್ದೇನೆ.