ತೋಟದಂಚಿನ ವೀರಗಲ್ಲನ್ನು ಓದುವುದು ಹೇಗೆ

ನಮ್ಮೂರು ಸೊರಬ ತಾಲ್ಲೂಕಿನಲ್ಲಿ. ತೋಟಕ್ಕೆ ಇಳಿಯುವಾಗ ಕಾಲುಸಂಕ ದಾಟಿದ ಕೂಡಲೇ ಒಂದು ವೀರಗಲ್ಲಿದೆ, ಹೋರಾಡಿ ಸತ್ತ ವೀರನ ನೆನಪಿಗೆ ಕೆತ್ತಿ ನಿಲ್ಲಿಸಿದ ಕಲ್ಲು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದಕ್ಕೆ ಅಡಿಕೆ ಹಾಳೆ ಒರಗಿಸಿಡುತ್ತಿದ್ದೆ. ಅದರೊಳಗೆ ಒಬ್ಬ ಬಿಲ್ಲು ಹಿಡಿದು ನಿಂತಿದ್ದಾನೆ ಅಂತ ಕಂಡದ್ದು ಆರು ವರ್ಷದ ಮೇಲೆ, ಒಂದು ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ.

ಹಾಗಾಗಿ ಮೊದಲು ಬೆಳಕು. ಮಧ್ಯಾಹ್ನ ತೋಟದ ನೆರಳಲ್ಲಿ ಸವೆದ ಕೆತ್ತನೆ ಕಾಣುವುದೇ ಇಲ್ಲ. ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ಸಂಜೆ. ಇನ್ನೂ ಒಳ್ಳೆಯದೆಂದರೆ ಕತ್ತಲಾದ ಮೇಲೆ ಬ್ಯಾಟರಿ ತೆಗೆದುಕೊಂಡು ಹೋಗುವುದು. ಎದುರಿಗೆ ಬಿಡಬೇಡಿ, ಕಲ್ಲಿನ ಪಕ್ಕದಲ್ಲಿ ಮೈಗೆ ತಾಗಿಸಿದಂತೆ ಹಿಡಿಯಿರಿ. ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಬ್ಯಾಟರಿಯನ್ನು ನಿಧಾನಕ್ಕೆ ಸುತ್ತ ತಂದರೆ ಕುದುರೆಯ ಕಾಲು, ಬಳೆ, ಕತ್ತಿಯ ಹಿಡಿ ಒಂದಾದ ಮೇಲೊಂದು ಮೇಲೇಳುತ್ತವೆ.

ಹಾವಸೆ ತೆಗೆಯಲು ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ತಂತಿ ಬ್ರಷ್, ಕತ್ತಿಯ ಮೊನೆ, ಆಸಿಡ್ ಯಾವುದೂ ಬೇಡ. ಬಳಪದ ಕಲ್ಲಾದರೆ ಉಗುರಿಗೂ ಗೀರು ಬೀಳುತ್ತದೆ. ಅಕ್ಷರ ಚೆನ್ನಾಗಿ ಕಾಣಲಿ ಅಂತ ಸುಣ್ಣ, ಪೇಂಟು ತುಂಬಲೇಬೇಡಿ.

ಇನ್ನು ಓದುವುದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಡೆ ವೀರ ಸತ್ತ ಕಾಳಗ. ಅಲ್ಲಿ ದನಗಳಿದ್ದರೆ ತುರುಗೋಳಿನ ಕಲ್ಲು (ತುರು ಅಂದರೆ ದನ): ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಹೋರಾಡಿ ಸತ್ತವನದು. ಹಂದಿ, ಹುಲಿ ಇದ್ದರೆ ಬೇಟೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಶಿವಲಿಂಗ, ನಂದಿ, ಪೂಜಾರಿ. ಜೈನರದಾದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವ ತನಕ ಇವನ ಹೆಸರು ಉಳಿಯಲಿ ಅಂತ. ಬಳೆ ತೊಟ್ಟು ಮೇಲಕ್ಕೆತ್ತಿದ ಹೆಂಗಸಿನ ಕೈ ಕಂಡರೆ ಅದು ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಅದರ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಾರೆ.

ಅಕ್ಷರಗಳಿದ್ದರೆ ಅಂಕಣಗಳ ನಡುವಿನ ಪಟ್ಟಿಯಲ್ಲಿ ಹುಡುಕಿ. ‘ಸ್ವಸ್ತಿ’ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಶಕವರ್ಷ ಸಿಕ್ಕರೆ 78 ಕೂಡಿಸಿ, ಇಸವಿ ಬರುತ್ತದೆ. ನಿಮ್ಮ ಕಲ್ಲು ಆಗಲೇ ಅಚ್ಚಾಗಿರಲೂಬಹುದು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ 1902ರ 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ. 1904ರ 8ನೇ ಸಂಪುಟದಲ್ಲಿ ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಊರಿನ ಹೆಸರು ಹಿಡಿದು ಹುಡುಕಿ.

ಒಂದು ಪುಸ್ತಕದಲ್ಲಿ ಬರೆದಿಡಿ: ಎತ್ತರ, ಅಗಲ, ಮುಖ ಯಾವ ದಿಕ್ಕಿಗೆ, ಹತ್ತಿರ ಕೆರೆ ಏರಿಯೋ ಹಳೇ ಗಾಡಿದಾರಿಯೋ. ಫೋಟೋ ತೆಗೆಯುವಾಗ ಟೇಪನ್ನು ಪಕ್ಕದಲ್ಲಿಡಿ.

ಕಲ್ಲನ್ನು ಮಾತ್ರ ಕದಲಿಸಬೇಡಿ. ಪಕ್ಕದ ಊರಿನಲ್ಲಿ ಕೆರೆ ಕೋಡಿಯ ಹತ್ತಿರವಿದ್ದ ಕಲ್ಲನ್ನು ಭಕ್ತಿಯಿಂದಲೇ ಜೆಸಿಬಿಯಲ್ಲಿ ಎತ್ತಿ ತಂದು ರಸ್ತೆಬದಿ ಕಟ್ಟೆ ಕಟ್ಟಿ ನಿಲ್ಲಿಸಿದರು. ಕೆಳಗಿನ ಅಂಕಣ ಸಿಮೆಂಟಿನೊಳಗೆ ಹೋಯಿತು. ಅವನು ಯಾವುದಕ್ಕಾಗಿ ಸತ್ತ ಅನ್ನುವುದೇ ಆ ಅಂಕಣದಲ್ಲಿತ್ತು. ಕೋಡಿಯ ಹತ್ತಿರ ಅದು ನಿಂತಿದ್ದ ಜಾಗವನ್ನು ಈಗ ತೋರಿಸುವವರಿಲ್ಲ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕಲ್ಲು ಬಿದ್ದುಹೋಗುವಂತಿದ್ದರೆ, ನಿಧಿಯ ಆಸೆಗೆ ಯಾರಾದರೂ ಬುಡ ಅಗೆದಿದ್ದರೆ, ಫೋಟೋ ಸಮೇತ ಪಂಚಾಯ್ತಿಗೂ ಪುರಾತತ್ವ ಇಲಾಖೆಗೂ ಬರೆದು ತಿಳಿಸಿ.

ನಮ್ಮ ಕಲ್ಲಿನ ಬುಡ ಒಂದು ಗೇಣು ಮಣ್ಣಿನಲ್ಲಿದೆ. ನಾನು ಅಗೆದಿಲ್ಲ. ಹೋದ ಚಳಿಗಾಲ ಬ್ಯಾಟರಿ ಹಿಡಿದು ಕೂತಾಗ ಪಟ್ಟಿಯ ಮೇಲೆ ‘ತುರು’ ಅಂತ ಎರಡಕ್ಷರ ಸ್ಪಷ್ಟವಾಗಿ ಸಿಕ್ಕಿತು. ದನಗಳು ಆ ಮಣ್ಣಿನ ಕೆಳಗಿರಬೇಕು.