ಮುಂಬೈಯಲ್ಲೊಂದು ಕನ್ನಡ ಸಂಗೀತ ಪತ್ರಿಕೆ: ದುಡ್ಡು ಕೇಳುವ ಮೊದಲು ನಾನು ಮಾಡಿಕೊಂಡ ತಯಾರಿ

ಕನ್ನಡದಲ್ಲಿ ಒಂದು ಸಂಗೀತ ತ್ರೈಮಾಸಿಕ ತರಬೇಕೆಂದು ನಾನು ಬಾಯಿಬಿಟ್ಟಾಗ ನಮ್ಮ ಕನ್ನಡ ಸಂಘದ ಹಿರಿಯರಿಂದ ಬಂದ ಮೊದಲ ಪ್ರಶ್ನೆ, "ಜಾಹೀರಾತು ಎಷ್ಟು ಸಿಗತಾವವಾ?" ಎಂಬುದು. ಅದಕ್ಕೆ ಉತ್ತರ ಕೊಡುವುದನ್ನು ನಾನು ಬೇಕೆಂದೇ ಮುಂದೂಡಿದೆ. ಚಂದಾ ಕೊಡುವವರು ಇನ್ನೂ ಅಚ್ಚಾಗದ ಸಂಚಿಕೆಗಳನ್ನು ನಂಬಿ ದುಡ್ಡು ಕೊಡುತ್ತಾರೆ. ಆ ನಂಬಿಕೆಗೆ ಆಧಾರವಾಗಿ ಮೊದಲ ಸಂಚಿಕೆ ಪೂರ್ತಿಯಾಗಿ, ಮುಂದಿನ ಮೂರು ಸಂಚಿಕೆಗಳ ಲೇಖನಗಳ ಪಟ್ಟಿ ಬರೆಯುವವರ ಒಪ್ಪಿಗೆಯೊಂದಿಗೆ ಕೈಯಲ್ಲಿ ಇರಬೇಕು. ಅಲ್ಲಿಯವರೆಗೆ ಯಾರ ಮುಂದೂ ಹಣದ ಮಾತು ತೆಗೆಯಬಾರದು ಎಂದು ನಿಶ್ಚಯಿಸಿಕೊಂಡೆ.

ನಾನು ಧಾರವಾಡದವಳು, ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಕನ್ನಡ ಮನೆಯವರು ಬಹಳ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಶಾಲೆ ಇಂಗ್ಲಿಷಿನದು, ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ, ಪ್ರವೇಶಿಕಾ ಪರೀಕ್ಷೆಗೆ ಓದುವುದು ದೇವನಾಗರಿಯಲ್ಲಿ. ದಾಸರ ಪದವನ್ನು ಚೆನ್ನಾಗಿ ಹಾಡುವ ಹುಡುಗಿಗೆ ಅದೇ ಪದವನ್ನು ಕನ್ನಡ ಅಕ್ಷರದಲ್ಲಿ ಕೊಟ್ಟರೆ ಓದಲು ಬರುವುದಿಲ್ಲ. ಓದಲು ಬರುವುದು ತಾಯಿಗೆ. ಆದ್ದರಿಂದ ಪತ್ರಿಕೆಯನ್ನು ನಾನು ಈ ಇಬ್ಬರಿಗಾಗಿ ಕಲ್ಪಿಸಿಕೊಂಡೆ: ತಾಯಿ ಗಟ್ಟಿಯಾಗಿ ಓದಬೇಕು, ಮಗಳು ಸ್ವರಲಿಪಿ (ಹಾಡಿನ ಸ್ವರಗಳನ್ನು ಅಕ್ಷರ, ಗುರುತುಗಳಲ್ಲಿ ಬರೆದದ್ದು) ನೋಡಿ ಹಾಡಬೇಕು. "ಸಂಗೀತಾಸಕ್ತರೆಲ್ಲರಿಗೂ" ಎಂದು ಬರೆದುಕೊಂಡಿದ್ದರೆ ಒಂದು ಪುಟವನ್ನೂ ತೀರ್ಮಾನಿಸಲು ಆಗುತ್ತಿರಲಿಲ್ಲ.

ಹೊರನಾಡಿನ ನಮ್ಮ ಪತ್ರಿಕೆಗಳಲ್ಲಿ ಸಂಗೀತಕ್ಕೆ ಜಾಗ ಇಲ್ಲವೆಂದಲ್ಲ. ಆದರೆ ಬರುವುದು ಸನ್ಮಾನದ ಸುದ್ದಿ, ಇಲ್ಲವೇ ಕಲಾವಿದರು ತೀರಿಕೊಂಡಾಗ ನಾಲ್ಕು ಪ್ಯಾರಾ. ಯಾವ ರಾಗ ಹಾಡಿದರು, ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಎಷ್ಟು ಹೊತ್ತು ನಿಂತರು, ತಬಲಾ ಸಾಥ್ ಹೇಗಿತ್ತು ಎಂಬುದು ಇರುವುದಿಲ್ಲ. ಹಾಥರಸಿನಿಂದ 1935ರಲ್ಲಿ ಶುರುವಾದ ಹಿಂದಿಯ 'ಸಂಗೀತ' ಮಾಸಿಕ ಸ್ವರಲಿಪಿಯನ್ನು ಮನೆಮನೆಗೆ ತಲುಪಿಸಿತು. ಮುಂಬೈ–ಪುಣೆಯ ಸಂಗೀತಕ್ಕೆ ನಮ್ಮವರು ಕೊಟ್ಟದ್ದಕ್ಕೆ ಹೋಲಿಸಿದರೆ ಇಲ್ಲಿ ಕನ್ನಡದಲ್ಲಿ ಬರೆದಿಟ್ಟದ್ದು ತೀರ ಕಡಿಮೆ. ಸುಳೇಭಾವಿಯ ಹುಡುಗ ಕುಮಾರ ಗಂಧರ್ವ ಬೆಳೆದದ್ದು ಮುಂಬೈಯ ದೇವಧರರ ಸಂಗೀತ ಶಾಲೆಯಲ್ಲಿ. ಗದಗಿನ ಭೀಮಸೇನ ಜೋಶಿ ಕುಂದಗೋಳದ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಉತ್ಸವ ಕಟ್ಟಿದ್ದು ಪುಣೆಯಲ್ಲಿ. ಈ ಕಥೆಗಳನ್ನು ನಾವು ಮರಾಠಿಯಲ್ಲಿ ಓದಿ ತಿಳಿಯುತ್ತಿದ್ದೇವೆ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಸ್ವರಲಿಪಿಯ ಪುಟ. ಪರೀಕ್ಷೆಗೆ ಓದುವ ಮಕ್ಕಳಿಗೆ ಗುರುತಾಗಲೆಂದು ಸಂಗೀತ ವಿದ್ವಾಂಸ ಭಾತಖಂಡೆಯವರು ರೂಪಿಸಿದ ಪದ್ಧತಿ ಆರಿಸಿಕೊಂಡೆ. ಮಂದ್ರಕ್ಕೆ (ತಗ್ಗು ದನಿಯ ಸ್ವರ) ಅಕ್ಷರದ ಕೆಳಗೆ ಚುಕ್ಕೆ, ತಾರಕ್ಕೆ (ಮೇಲು ದನಿಯ ಸ್ವರ) ಮೇಲೆ ಚುಕ್ಕೆ, ಕೋಮಲಕ್ಕೆ (ತುಸು ಇಳಿಸಿದ ಸ್ವರ) ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ (ತುಸು ಏರಿಸಿದ ಮ) ಮೇಲೆ ನಿಂತ ಗೆರೆ. ದೇವನಾಗರಿಯಲ್ಲಿ ತಾರ ಷಡ್ಜವನ್ನು (ಮೇಲಿನ ಸಾ) ಅನುಸ್ವಾರದ ಚುಕ್ಕೆಯಿಂದಲೇ ಟೈಪ್ ಮಾಡಿ ಮುಗಿಸುತ್ತಾರೆ. ಆ ಫೈಲನ್ನು ಕನ್ನಡಕ್ಕೆ ತಿರುಗಿಸಿದರೆ ಅದು 'ಸಾಂ' ಆಗಿ, ಸೊನ್ನೆ ಅಕ್ಷರದ ಪಕ್ಕಕ್ಕೆ ಬಂದು ಕೂರುತ್ತದೆ. ಇನ್ನು ಕೋಮಲ ಧೈವತ, ಅಂದರೆ ಇಳಿಸಿದ ಧ. ನಮ್ಮ ಧಕಾರಕ್ಕೆ ಕೆಳಗೆ ಮೊದಲೇ ಒಂದು ಸೀಳುಗೆರೆ ಇದೆ. ಅದರ ಕೆಳಗೆ ಅಡ್ಡಗೆರೆ ಎಳೆದರೆ, ಅದರಲ್ಲೂ ಮಂದ್ರದ ಚುಕ್ಕೆ ಸೇರಿದರೆ, ಸಣ್ಣ ಅಕ್ಷರದಲ್ಲಿ ಎಲ್ಲ ಒಂದೇ ಮುದ್ದೆ. ಯೂನಿಕೋಡಿನಲ್ಲಿ ಈ ಚುಕ್ಕೆ ಗೆರೆಗಳು ಇವೆ, ಆದರೆ ನಾವು ನೋಡಿದ ಕನ್ನಡ ಫಾಂಟುಗಳಲ್ಲಿ ಅವು ಅಕ್ಷರದ ತಲೆಯ ಮೇಲೆ ಸರಿಯಾಗಿ ನಿಲ್ಲದೆ ಬಲಕ್ಕೆ ಜಾರುತ್ತವೆ.

ಪುಟ ವಿನ್ಯಾಸ ಮಾಡಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ನೋಟೋ ಸೆರಿಫ್ ಕನ್ನಡ ಫಾಂಟಿನ ಪರವಾನಗಿ ತಿದ್ದುಪಡಿಗೆ ಅವಕಾಶ ಕೊಡುವುದರಿಂದ, ಅದರೊಳಗೇ ಏಳೂ ಸ್ವರಗಳ ಮಂದ್ರ, ತಾರ, ಕೋಮಲ, ತೀವ್ರ ರೂಪಗಳನ್ನು ಬೇರೆ ಅಕ್ಷರಗಳಾಗಿ ಬರೆದು ಸೇರಿಸಿದ. ಧೈವತಕ್ಕೆ ಸೀಳು ಇಲ್ಲದ 'ದ' ಬಳಸಿದೆವು. ಶುದ್ಧಿ ನೋಡುವವರು ಆಕ್ಷೇಪಿಸಬಹುದು. ಹಾಡುವವರ ಕಣ್ಣಿಗೆ ತೊಡಕಾಗದಿರುವುದು ನನಗೆ ಹೆಚ್ಚು. ಸ್ವರದ ಸಾಲಿನ ಕೆಳಗೆ ಸಾಹಿತ್ಯವನ್ನು ಎರಡು ಲಿಪಿಯಲ್ಲಿ ಇಟ್ಟೆವು, ಕನ್ನಡ ದೊಡ್ಡದಾಗಿ, ಅದರಡಿ ದೇವನಾಗರಿ ಚಿಕ್ಕದಾಗಿ. ದಿನಾ ಹೀಗೆ ನೋಡುತ್ತ ನೋಡುತ್ತ ಮಗು ಮೇಲಿನ ಸಾಲಿಗೂ ಕಣ್ಣು ಹಾಯಿಸಲಿ ಎಂಬುದು ನನ್ನ ಆಸೆ.

ಲೇಖನಗಳ ವಿಷಯಕ್ಕೆ ಬರುತ್ತೇನೆ. ಮೊದಲ ಸಂಚಿಕೆಯ ಮುಖ್ಯ ಬರಹ ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಕೊಟ್ಟ ಧ್ವನಿಮುದ್ರಿಕೆಗಳ ಮೇಲೆ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಅಷ್ಟರಲ್ಲಿ ರಾಗದ ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಗಾಯಕರು ತೆಗೆದುಕೊಂಡ ತೀರ್ಮಾನಗಳೇ ಒಂದು ಪಾಠ. ಪುಟದ ಮೂಲೆಯಲ್ಲಿ ಕ್ಯೂಆರ್ ಕೋಡ್ ಇದೆ, ಫೋನ್ ಹಿಡಿದರೆ ಕೇಳಬಹುದು. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಹಾಗಾಗಿ ಆ ಕಾಲದ ತಟ್ಟೆಗಳಿಗೆ ಅಡ್ಡಿಯಿಲ್ಲ. ಹೊಸ ಕಛೇರಿಗಳ ಧ್ವನಿಗೆ, ಯಾರೋ ತೆಗೆದ ಫೋಟೋಗೆ ಮಾತ್ರ ಬರಹದಲ್ಲಿ ಒಪ್ಪಿಗೆ ಪಡೆದಿಟ್ಟುಕೊಂಡೆ. ಎರಡನೆಯ ಸಂಚಿಕೆಗೆ ದೇವಧರರ ಶಾಲೆ. ಮೂರನೆಯದಕ್ಕೆ ಕರಾವಳಿಯವರ ಭಜನಾ ಮಂಡಳಿಗಳು ಮತ್ತು ಯಕ್ಷಗಾನದ ಹಿಮ್ಮೇಳ. ಹಿಂದೂಸ್ತಾನಿಯ ನನಗೆ ಚಂಡೆ ಮದ್ದಲೆಯ ಬಗ್ಗೆ ಬರೆಯುವ ಅಧಿಕಾರ ಇಲ್ಲ. ಒಬ್ಬ ಭಾಗವತರನ್ನು ಕೂರಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುವುದಾಗಿ ಮಾತಾಯಿತು.

48 ಪುಟ, ಅಂದರೆ 16 ಪುಟದ ಮೂರು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪು), ಮೇಲೆ ಹೊದಿಕೆ, ನಡುವೆ ಪಿನ್ನು. 500 ಪ್ರತಿ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಪ್ರತಿ ಎಷ್ಟಾದರೂ ಒಂದೇ, ಆದ್ದರಿಂದ ಪ್ರೆಸ್ಸಿನವರು ಸಾವಿರ ಹಾಕಿಸಿ ಎನ್ನುತ್ತಾರೆ. ಮಾರಾಟವಾಗದ ಕಟ್ಟುಗಳು ಸಂಘದ ಕಪಾಟು ಸೇರುವುದನ್ನು ನೋಡಿರುವುದರಿಂದ ಒಪ್ಪಲಿಲ್ಲ. ಅಂಚೆಯ ಪತ್ರಿಕಾ ರಿಯಾಯಿತಿಗೆ ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಕೂಡದೆಂಬ ನಿಯಮ, 2024ರಲ್ಲಿ ರದ್ದಾದ 1898ರ ಅಂಚೆ ಕಾಯ್ದೆಯಲ್ಲಿತ್ತು. ತ್ರೈಮಾಸಿಕಕ್ಕೆ ಆ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯದೆ ಪೂರ್ತಿ ಅಂಚೆ ವೆಚ್ಚವನ್ನೇ ಚಂದಾದಲ್ಲಿ ಸೇರಿಸಿದೆ.

ಹೆಸರಿನ ವಿಷಯ ಎಚ್ಚರಿಕೆ ಬೇಡುತ್ತದೆ. 1867ರ ಕಾಯ್ದೆಯ ಜಾಗಕ್ಕೆ ಬಂದ 2023ರ ನಿಯತಕಾಲಿಕ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ, ಅರ್ಜಿ ಎಲ್ಲ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ಶೀರ್ಷಿಕೆ ಅದೇ ಭಾಷೆಯ ಅಥವಾ ಅದೇ ರಾಜ್ಯದ ಬೇರೊಂದು ಪತ್ರಿಕೆಯ ಹೆಸರನ್ನು ಹೋಲಬಾರದು. ನಮಗೆ ಎರಡು ಕಡೆಯ ಗೋಡೆ: ಕನ್ನಡದ ಪತ್ರಿಕೆಗಳೂ ಎದುರು, ಮಹಾರಾಷ್ಟ್ರದ ಮರಾಠಿ ಪತ್ರಿಕೆಗಳೂ ಎದುರು. ಸ್ವರ, ನಾದ, ಲಯ ಎಂದು ಹೊರಟರೆ ಎರಡು ಭಾಷೆಯಲ್ಲೂ ಬಳಕೆಯ ಮಾತುಗಳು. ಅರ್ಜಿಯಲ್ಲಿ ಅಚ್ಚಗನ್ನಡದ ಹೆಸರುಗಳನ್ನೇ ಹಾಕಿದ್ದೇವೆ. ಒಪ್ಪಿಗೆ ಬರುವವರೆಗೆ ಇಲ್ಲಿ ಬರೆಯುವುದಿಲ್ಲ.

ಡಿಜಿಟಲ್ ಪ್ರೆಸ್ಸಿನಲ್ಲಿ ಡಮ್ಮಿ (ಮಾದರಿ ಪ್ರತಿ) ತೆಗೆಸಿಕೊಂಡು ಒಂದು ಭಾನುವಾರ ಸಂಘದ ಸಭೆಗೆ ಹೋದೆ. ಸ್ಲೈಡು ಗೀಡು ಒಯ್ಯಲಿಲ್ಲ. ಪತ್ರಿಕೆಯನ್ನು ಕೈಯಲ್ಲಿ ಹಿಡಿದು ತಿರುವಿದವರು ಕೇಳುವ ಪ್ರಶ್ನೆಗಳೇ ಬೇರೆ. ಪೋಷಕರಾಗಬಹುದಾಗಿದ್ದ ಹೋಟೆಲ್ ಮಾಲೀಕರು ಪುಟ ಮಗುಚುತ್ತ, "ಅದೆಲ್ಲ ಸರಿ ಟೀಚರ್, ಓದುವುದು ಯಾರು? ನನ್ನ ಮಗಳಿಗೇ ಕನ್ನಡ ಓದಲಿಕ್ಕೆ ಬರುವುದಿಲ್ಲ ಮಾರಾಯ್ರೆ" ಎಂದರು.

"ಶೆಟ್ರೇ, ಪುಟ 30 ತೆಗೀರಿ. ಅದು ನಿಮ್ಮ ಮಗಳಿಗೇ" ಎಂದು ಎರಡು ಲಿಪಿಯ ಪುಟ ತೋರಿಸಿ, ಅದನ್ನೇ ನೋಡಿಕೊಂಡು ಹಾಡಿನ ಮೊದಲ ಭಾಗವಾದ ಸ್ಥಾಯಿ ಹಾಡಿದೆ. ಅವರು ಆ ಪುಟದ ಫೋಟೋ ತೆಗೆದು ಮನೆಗೆ ಕಳಿಸಿದರು.

ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕಾಕಾ ಮಾತ್ರ ಸುಲಭಕ್ಕೆ ಬಿಡಲಿಲ್ಲ. "ಮೊದಲನೇದು ಚಂದ ಬರತದ ತಂಗಿ. ನಾಲ್ಕನೇದು ಯಾರು ಬರೀತಾರ?" ಲೇಖಕರ ಒಪ್ಪಿಗೆ ಪತ್ರಗಳನ್ನು ಮುಂದಿಟ್ಟೆ. ಒಂದೊಂದನ್ನೂ ಓದಿದರು. ಆಮೇಲೆ ಒಬ್ಬರು, ಶಾಲು ಹೊದಿಸಿದ ಫೋಟೋ ಹಾಕದಿದ್ದರೆ ಜಾಹೀರಾತು ಯಾರು ಕೊಡುತ್ತಾರೆ ಎಂದರು. ಅದರಲ್ಲಿ ನಾನು ಜಗ್ಗಲಿಲ್ಲ. ಗಣೇಶೋತ್ಸವದ ಸ್ಮರಣಸಂಚಿಕೆಯಲ್ಲಿ ಆ ಫೋಟೋಗಳಿಗೆ ಜಾಗ ಇದೆ. ಇಲ್ಲಿ ಪ್ರತಿ ಸಂಚಿಕೆಗೆ ಒಬ್ಬರೇ ಪೋಷಕರು, ಹೊದಿಕೆಯ ಒಳಪುಟ ಪೂರ್ತಿ ಅವರದು, ಬೇರೆಲ್ಲೂ ಜಾಹೀರಾತು ಇಲ್ಲ ಎಂದೆ. ಮೊದಲ ಸಂಚಿಕೆಯನ್ನು ಶೆಟ್ಟರು ಅಲ್ಲೇ ಒಪ್ಪಿಕೊಂಡರು.

ಕಾಕಾ ಹಾಕಿದ ಷರತ್ತು ಒಂದೇ: ನಾಲ್ಕೂ ಸಂಚಿಕೆಗಳ ಅಚ್ಚಿನ ಖರ್ಚು ಬೇರೆ ಖಾತೆಯಲ್ಲಿ ಜಮೆಯಾದ ಮೇಲೆಯೇ ಚಂದಾ ಸ್ವೀಕರಿಸಬೇಕು. ನಾನೇ ಕೇಳಬೇಕೆಂದಿದ್ದದ್ದು ಅದು. ಹೆಸರಿನ ಒಪ್ಪಿಗೆ, ನೋಂದಣಿ ಮುಗಿದರೆ ಮೊದಲ ಸಂಚಿಕೆಯನ್ನು ಡಿಸೆಂಬರಿಗೆ ತರುವುದೆಂದು ಗೊತ್ತುಮಾಡಿದ್ದೇವೆ. ಪುಣೆಯ ಸವಾಯಿ ಗಂಧರ್ವ ಉತ್ಸವ ಆ ತಿಂಗಳು ನಡೆಯುತ್ತದೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕೇಳುಗರೂ ಬಂದು ಸೇರುತ್ತಾರೆ. ಅಲ್ಲಿ ಕೈಯಿಂದ ಕೈಗೆ ಕೊಡಲು ನೂರು ಪ್ರತಿ ತೆಗೆದಿಡಬೇಕೆಂದು ಪ್ರೆಸ್ಸಿನವರಿಗೆ ಹೇಳಿದ್ದೇನೆ.