ಶವರ್ ನಲ್ಲಿಯ ಹಿಡಿ ಕಚ್ಚಿಕೊಂಡರೆ ಬಿಚ್ಚುವುದು ಹೇಗೆ?

ಶವರ್ ನಲ್ಲಿ ಎಷ್ಟು ಬಿಗಿಯಾಗಿ ಮುಚ್ಚಿದರೂ ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತದೆ. ಅದನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ಆದರೆ ಅದಕ್ಕೆ ಮೊದಲು ಹಿಡಿ ಬಿಚ್ಚಬೇಕು. ವರ್ಷಗಟ್ಟಲೆ ಮುಟ್ಟದ ಹಿಡಿ ಅಲುಗಾಡುವುದೇ ಇಲ್ಲ. ಆಗ ಜನ ಪೈಪ್ ರೆಂಚ್ ಕೈಗೆತ್ತಿಕೊಳ್ಳುತ್ತಾರೆ.

ನಮ್ಮ ಭಾವ ಹಾಗೇ ಮಾಡಿದರು. ರೆಂಚ್ ಹಾಕಿ ಬಲವಾಗಿ ತಿರುಗಿಸಿದರು. ಹಿಡಿ ಇದ್ದಲ್ಲೇ ಇತ್ತು, ಗೋಡೆಯೊಳಗಿನ ಪೈಪಿನ ಜಾಯಿಂಟ್ ಬಿರುಕು ಬಿಟ್ಟಿತು. ಎರಡು ದಿನದ ಮೇಲೆ ಪಕ್ಕದ ರೂಮಿನ ಗೋಡೆ ಒದ್ದೆಯಾದಾಗಲೇ ಅದು ಗೊತ್ತಾಗಿದ್ದು. ನಾಲ್ಕು ಟೈಲ್ಸ್ ಒಡೆಯಬೇಕಾಯಿತು. ಅದೇ ಬಣ್ಣದ ಟೈಲ್ಸ್ ಮತ್ತೆ ಎಲ್ಲೂ ಸಿಗಲಿಲ್ಲ. ಆ ಬೇಜಾರು ಅಕ್ಕನಿಗೆ ಇವತ್ತಿಗೂ ಹೋಗಿಲ್ಲ.

ಅವರು ತಿಳಿದುಕೊಳ್ಳಬೇಕಿದ್ದದ್ದು ಒಂದೇ ಮಾತು. ಹಿಡಿ ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ತೆಗೆಯುವ ವಸ್ತು ಅಲ್ಲ. ಅದನ್ನು ನೇರ ನಿಮ್ಮ ಕಡೆಗೆ ಎಳೆದು ತೆಗೆಯಬೇಕು. ಒಳಗಿನ ಸ್ಪಿಂಡಲ್ (ಹಿಡಿಯ ಜೊತೆ ತಿರುಗುವ ಲೋಹದ ದಂಡ) ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಹಿಡಿ ಆ ಹಲ್ಲುಗಳ ಮೇಲೆ ಟೊಪ್ಪಿಗೆಯಂತೆ ಕೂತಿರುತ್ತದೆ. ಅದು ಬೀಳದಂತೆ ಹಿಡಿದಿರುವುದು ಒಂದೇ ಒಂದು ಸ್ಕ್ರೂ.

ಹಾಗಾದರೆ ಕಚ್ಚಿಕೊಳ್ಳುವುದು ಯಾಕೆ? ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ನಿಮ್ಮ ಬಕೆಟ್ ಮೇಲೆ ಬಿಳಿ ಪಟ್ಟೆ ಕಟ್ಟುತ್ತಿದ್ದರೆ ನಲ್ಲಿಯೊಳಗೂ ಅದೇ ಕಟ್ಟುತ್ತಿದೆ. ಇದರ ಜೊತೆ ಇನ್ನೊಂದಿದೆ. ಸ್ಪಿಂಡಲ್ ಹಿತ್ತಾಳೆಯದು. ಹಿಡಿ ಹೆಚ್ಚಾಗಿ ಸತುವಿನ ಮಿಶ್ರಲೋಹ, ಮೇಲೆ ಕ್ರೋಮ್ ಲೇಪ. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಸತು ನಿಧಾನಕ್ಕೆ ತುಕ್ಕು ಹಿಡಿದು ಬಿಳಿ ಪುಡಿಯಾಗುತ್ತದೆ. ಈ ಪುಡಿ ಮತ್ತು ಸುಣ್ಣ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತವೆ.

ಶುರು ಮಾಡುವ ಮೊದಲು

ಗೀಸರ್ ಸ್ವಿಚ್ ಆರಿಸಿ. ಬಾತ್‌ರೂಮಿನ ಗೇಟ್ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ಟ್ಯಾಂಕ್ ಹತ್ತಿರದ್ದನ್ನು ಮುಚ್ಚಿ. ಬಿಸಿ ತಣ್ಣೀರು ಎರಡೂ ನಿಂತಿವೆಯೇ ಎಂದು ಪಕ್ಕದ ನಲ್ಲಿ ತಿರುಗಿಸಿ ನೋಡಿ. ನೆಲದ ಜಾಲರಿ ಮೇಲೆ ಬಟ್ಟೆ ಹಾಸಿ, ಸ್ಕ್ರೂ ಒಳಗೆ ಬಿದ್ದರೆ ಕಥೆ ಮುಗಿಯಿತು.

ಸ್ಕ್ರೂ ತೆಗೆಯುವುದು

ಹಿಡಿಯ ನಡುವೆ ಕೆಂಪು ಅಥವಾ ನೀಲಿ ಗುರುತಿನ ಸಣ್ಣ ಬಿಲ್ಲೆ ಇದ್ದರೆ ಚೂಪಾದ ಚಾಕುವಿನ ತುದಿಯಿಂದ ಎಬ್ಬಿಸಿ. ಅದರ ಕೆಳಗೇ ಸ್ಕ್ರೂ. ಒಂದೇ ಕಡ್ಡಿಯ ಹಿಡಿಯಾದರೆ ಕಡ್ಡಿಯ ಕೆಳಗೆ ಅಥವಾ ಹಿಂದೆ ತೂತು ಹುಡುಕಿ. ಅಲ್ಲಿ ಅಲೆನ್ ಕೀ (ಆರು ಮೂಲೆಯ ಕೀಲಿ) ಹಾಕುವ ಪುಟ್ಟ ಸ್ಕ್ರೂ ಇರುತ್ತದೆ, ಸಾಮಾನ್ಯವಾಗಿ 2.5 ಅಥವಾ 3 ಮಿ.ಮೀ. ಸರಿಯಾದ ಅಳತೆಯದ್ದನ್ನೇ ಹಾಕಿ. ಸಡಿಲವಾಗಿ ಕೂರುವ ಕೀ ಸ್ಕ್ರೂವಿನ ಮೂಲೆ ಸವೆಸಿಬಿಡುತ್ತದೆ, ಆಮೇಲೆ ಡ್ರಿಲ್ ಮಾಡದೆ ಬೇರೆ ದಾರಿಯಿಲ್ಲ.

ಪ್ಲಸ್ ಸ್ಕ್ರೂ ಜಾರುತ್ತಿದ್ದರೆ ಸ್ಕ್ರೂಡ್ರೈವರ್ ತುದಿಗೂ ಸ್ಕ್ರೂಗೂ ನಡುವೆ ಅಗಲ ರಬ್ಬರ್ ಬ್ಯಾಂಡ್ ತುಂಡು ಇಟ್ಟು, ಒತ್ತಿ ಹಿಡಿದು ನಿಧಾನ ತಿರುಗಿಸಿ. ತಿರುಗಿಸುವುದಕ್ಕಿಂತ ಒತ್ತುವುದು ಜಾಸ್ತಿ ಇರಲಿ.

ಈಗ ಒಂದು ಮುಖ್ಯ ವಿಷಯ. ನಡುವಿನ ಸ್ಕ್ರೂ ಸಡಿಲವಾದ ಮೇಲೆ ಅದನ್ನು ಪೂರ್ತಿ ಹೊರಗೆ ತೆಗೆಯಬೇಡಿ. ನಾಲ್ಕು ಸುತ್ತು ಬಿಚ್ಚಿ ಅಲ್ಲೇ ಬಿಡಿ. ಕಾರಣ ಮುಂದೆ ಹೇಳುತ್ತೇನೆ.

ಹಿಡಿ ಬಿಡಿಸುವುದು

ಇಲ್ಲಿಯೇ ಎಲ್ಲರೂ ಎಡವುವುದು. ಇದಕ್ಕೆ ಅರ್ಧ ದಿನ ಮೀಸಲಿಡಿ. ಸಂಜೆ ನೆಂಟರು ಬರುವವರಿದ್ದರೆ ಇವತ್ತು ಮುಟ್ಟಲೇಬೇಡಿ.

ಮೊದಲು ವಿನೆಗರ್. ಜನ ನೇರ ಡಬ್ಲ್ಯೂಡಿ-40 ಎಂಬ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಾರೆ. ಅದು ಎಣ್ಣೆ, ಸುಣ್ಣವನ್ನು ಕರಗಿಸುವುದಿಲ್ಲ. ಸುಣ್ಣ ಕರಗುವುದು ಹುಳಿಗೆ ಮಾತ್ರ. ಹಳೆ ಬಟ್ಟೆಯ ಪಟ್ಟಿಯನ್ನು ಅಡುಗೆಯ ಬಿಳಿ ವಿನೆಗರ್‌ನಲ್ಲಿ ಅದ್ದಿ ಹಿಡಿಯ ಬುಡಕ್ಕೆ ಸುತ್ತಿ. ಸ್ಕ್ರೂ ತೂತಿಗೂ ಸೂಜಿಯಿಲ್ಲದ ಸಿರಿಂಜಿನಿಂದ ಬಿಡಿ. ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಕಟ್ಟಿ, ಇಲ್ಲದಿದ್ದರೆ ಎಲ್ಲ ಸೋರಿ ಹೋಗುತ್ತದೆ. ವಿನೆಗರ್ ಇಲ್ಲವೇ? ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಒಂದು ಗಂಟೆ ಬಿಟ್ಟು ತೊಳೆಯಿರಿ, ಬೇಕಿದ್ದರೆ ಮತ್ತೊಮ್ಮೆ ಮಾಡಿ. ರಾತ್ರಿಯಿಡೀ ಬಿಡಬೇಡಿ, ಹುಳಿ ಸತುವನ್ನೂ ತಿನ್ನುತ್ತದೆ. ಹೇಗೂ ಹೊಸ ಹಿಡಿ ಹಾಕುವವರಿಗೆ ಆ ಚಿಂತೆ ಇಲ್ಲ.

ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಕ್ರೋಮ್ ಕಪ್ಪಾಗುತ್ತದೆ, ಕೈಗೂ ಕಣ್ಣಿಗೂ ಅಪಾಯ. ಬಾತ್‌ರೂಮಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಚೆನ್ನಾಗಿ ತೊಳೆದ ಮೇಲೆಯೇ ವಿನೆಗರ್ ಬಳಸಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.

ಸುಣ್ಣ ಸಡಿಲವಾದ ಮೇಲೆ ಶಾಖ ಕೊಡಿ. ಸತು ಹಿತ್ತಾಳೆಗಿಂತ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಬಿಸಿ ಹಿಡಿ ಸ್ಪಿಂಡಲ್‌ನಿಂದ ಕೂದಲೆಳೆಯಷ್ಟು ದೂರ ಸರಿಯುತ್ತದೆ. ಆ ಕೂದಲೆಳೆ ಸಾಕು. ತುಂಬಾ ಬಿಸಿಯಾದ ನೀರಿನಲ್ಲಿ ಅದ್ದಿದ ಟವೆಲನ್ನು ಐದು ನಿಮಿಷ ಸುತ್ತಿ, ಆರಿದಂತೆ ಮತ್ತೆ ಅದ್ದಿ. ಒದ್ದೆ ಬಾತ್‌ರೂಮಿಗೆ ಹೇರ್ ಡ್ರೈಯರ್ ತರುವುದು ನನಗೆ ಇಷ್ಟವಿಲ್ಲ, ಕರೆಂಟಿನ ವಿಷಯ ಅಲ್ವಾ. ಗ್ಯಾಸ್ ಟಾರ್ಚ್ ಅಂತೂ ಖಂಡಿತ ಬೇಡ, ಹಿಂದಿರುವ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಮೆತ್ತಗಾಗುತ್ತದೆ.

ಹಿಡಿ ಬಿಸಿ ಇರುವಾಗಲೇ ಎಳೆಯಬೇಕು. ಅದಕ್ಕೆ ಸರಿಯಾದ ಸಾಮಾನು ಪುಲ್ಲರ್. ಬೇರಿಂಗ್ ಬಿಡಿಸಲು ಮೆಕಾನಿಕ್‌ಗಳು ಬಳಸುವ ಎರಡು ಕಾಲಿನದು, ಅತಿ ಚಿಕ್ಕ ಅಳತೆಯದು. ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಕಾಲುಗಳು ಮೆತ್ತಗಿನ ಕಬ್ಬಿಣದ್ದಾಗಿದ್ದರೆ ಕೊಳ್ಳಬೇಡಿ, ಮೊದಲ ಎಳೆತಕ್ಕೇ ಬಾಗುತ್ತವೆ. ಎರಡು ಕಾಲುಗಳನ್ನು ಹಿಡಿಯ ಹಿಂದೆ ಸಿಕ್ಕಿಸಿ. ನಡುವಿನ ಕಂಬಿ ನೀವು ಸಡಿಲಿಸಿ ಬಿಟ್ಟ ಸ್ಕ್ರೂವಿನ ತಲೆ ಮೇಲೆ ಕೂರಲಿ. ಹೀಗೆ ಮಾಡಿದರೆ ಸ್ಪಿಂಡಲ್ ಒಳಗಿನ ಮರೆ (ಥ್ರೆಡ್) ಹಾಳಾಗುವುದಿಲ್ಲ, ಹಿಡಿ ಹಾರಿ ಮುಖಕ್ಕೂ ಬಡಿಯುವುದಿಲ್ಲ. ಕಾಲು ಸುತ್ತು ತಿರುಗಿಸಿ, ನಿಲ್ಲಿಸಿ, ಹಿಡಿಯ ಬದಿಗೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಮತ್ತೆ ಕಾಲು ಸುತ್ತು. ಟಕ್ ಎಂದು ಸದ್ದು ಬಂದರೆ ಬಿಟ್ಟುಕೊಂಡಿತು ಎಂದರ್ಥ. ಆಗ ಸ್ಕ್ರೂ ಪೂರ್ತಿ ತೆಗೆದು ಕೈಯಲ್ಲೇ ಎಳೆಯಿರಿ.

ಪುಲ್ಲರ್ ಇಲ್ಲದವರು ಗಟ್ಟಿ ನೈಲಾನ್ ಹಗ್ಗವನ್ನು ಹಿಡಿಯ ಹಿಂದೆ ಎರಡು ಸುತ್ತು ಹಾಕಿ, ಎರಡೂ ತುದಿ ಹಿಡಿದು ನೇರ ಎಳೆಯಬಹುದು. ಸ್ಕ್ರೂಡ್ರೈವರ್ ತೂರಿಸಿ ಒಂದೇ ಬದಿಯಿಂದ ಮೀಟಬೇಡಿ. ಸ್ಪಿಂಡಲ್ ಬಾಗುತ್ತದೆ, ಟೈಲ್ಸ್ ಸೀಳುತ್ತದೆ.

ಮೂರು ಸಲ ಮಾಡಿದರೂ ಬರದಿದ್ದರೆ ಹಿಡಿಯ ಆಸೆ ಬಿಡಿ. ಹ್ಯಾಕ್ಸಾ ಬ್ಲೇಡಿನಿಂದ ಹಿಡಿಯನ್ನು ಉದ್ದಕ್ಕೆ ಕೊಯ್ಯಿರಿ. ಹಿತ್ತಾಳೆಯ ಹಳದಿ ಕಂಡ ಕೂಡಲೇ ನಿಲ್ಲಿಸಿ, ಕೊಯ್ದ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಚಿ. ಅದು ಬಾಯಿ ಬಿಡುತ್ತದೆ. ಹಿಡಿ ಹೋದರೂ ಗೋಡೆ ಉಳಿಯುತ್ತದೆ.

ಮತ್ತೆ ಹಾಕುವಾಗ

ಹೊಸ ಹಿಡಿಗೆ ಹೋಗುವಾಗ ಹಳೆಯದನ್ನು ಜೊತೆಗೇ ಒಯ್ಯಿರಿ. ಹಲ್ಲುಗಳ ಎಣಿಕೆ ಕಂಪನಿಯಿಂದ ಕಂಪನಿಗೆ ಬೇರೆ. "ಎಲ್ಲದಕ್ಕೂ ಕೂರುತ್ತೆ ಸಾರ್" ಎಂದು ಕೊಡುವ ಪ್ಲಾಸ್ಟಿಕ್ ಹಿಡಿ ತರಬೇಡಿ, ಕೆಲವೇ ದಿನಕ್ಕೆ ಹಲ್ಲು ಸವೆದು ಸುಮ್ನೆ ತಿರುಗತೊಡಗುತ್ತದೆ. ವಾಷರ್ ಬದಲಿಸಿ ಆದ ಮೇಲೆ ಸ್ಪಿಂಡಲ್ ಹಲ್ಲುಗಳನ್ನು ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಕಡಲೆಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಬೇಡ, ಅದು ಒಳಗಿನ ರಬ್ಬರನ್ನು ಊದಿಸುತ್ತದೆ. ಸ್ಕ್ರೂವನ್ನು ಬೆರಳ ಬಲದಷ್ಟೇ ಬಿಗಿ ಮಾಡಿ.

ಗೇಟ್ ವಾಲ್ವನ್ನು ನಿಧಾನ ತೆರೆಯಿರಿ. ಹಿಡಿಯ ಬುಡದ ಸುತ್ತ ಒಣ ಪೇಪರ್ ತುಂಡು ಒತ್ತಿ ಹತ್ತು ನಿಮಿಷ ಬಿಟ್ಟು ನೋಡಿ. ಪೇಪರ್ ಒಣಗಿದ್ದರೆ ಬಿಲ್ಲೆಯನ್ನು ಒತ್ತಿ ಕೂರಿಸಿ, ಗೀಸರ್ ಹಾಕಿ.